ಮೂತಿಮಡಕೆ

ಅಳಿಯ ಬಾಗಿಲಲ್ಲಿ ನಿಂತು ಆ ಒಂದು ಮಾತು ಆಡದೆ ಹೋಗಿದ್ದರೆ ಆ ಮನೆಯವರು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುವ ಕಾಲ ಬರುತ್ತಿರಲಿಲ್ಲ.

ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮಾಸ್ತರ. ಹೆಂಡತಿ ಅವನನ್ನು ಬಿಟ್ಟು, ಎರಡನೇ ಕ್ಲಾಸಿನ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದು ಕೂತಿದ್ದಳು. ಭಾನುವಾರ ಮಾತ್ರ ಮಗಳನ್ನು ನೋಡುವುದು ಅಂತ ಇಬ್ಬರೂ ಒಪ್ಪಿಕೊಂಡಿದ್ದರು. ಅಂಥವನು ಒಂದು ಬುಧವಾರ ಮಧ್ಯಾಹ್ನ ನೇರ ಶಾಲೆಗೇ ಹೋಗಿ ಮಗುವನ್ನು ಕರೆದುಕೊಂಡು ಹೋಗಿಬಿಟ್ಟಿದ್ದ. ಮನೆಯವರು ಅಲ್ಲಿ ಇಲ್ಲಿ ಹುಡುಕಿ, ಅತ್ತು, ಪೊಲೀಸ್ ಸ್ಟೇಷನ್ನಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ತಾನೇ ತಂದು ಬಿಟ್ಟ. ಮಗುವಿನ ಕಾಲಲ್ಲಿ ಹೊಸ ಶೂ, ಬಾಯಿ ಸುತ್ತ ಐಸ್‌ಕ್ರೀಮು.

"ನಾನೇನು ಕದ್ದುಕೊಂಡು ಹೋಗಿಲ್ಲ. ಆಫೀಸಿನ ಕಿಟಕಿಯಲ್ಲಿ ಗುಟ್ಟಿನ ಮಾತು ಕೇಳಿದ್ರು, ಹೇಳಿದೆ. ಕಳಿಸಿದ್ರು," ಅಂದ.

"ಅದನ್ನ ನಿಮಗೆ ಹೇಳಿದ್ದು ಯಾರು?" ಹೆಂಡತಿ ಮಗುವನ್ನು ತನ್ನ ಕಡೆ ಎಳೆದುಕೊಂಡಳು.

ಅವನು ಹಲ್ಲು ಬಿಟ್ಟ. "ಹೊರಗಿನೋರ್ಯಾರೂ ಅಲ್ಲ. ನಿಮ್ಮ ಮನೆಯೋರ ಬಾಯಿಂದಲೇ ಬಂತು."

ಅಷ್ಟು ಹೇಳಿ ಸ್ಕೂಟರ್ ಹತ್ತಿದ. ಬಾಗಿಲಲ್ಲಿ ನಿಂತಿದ್ದ ತಾಯಿ, ಮಗ, ಮಗಳು, ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕಣ್ಣು ತಗ್ಗಿಸಿದವಳು ಸೊಸೆ. ತಪ್ಪು ಮಾಡಿದ್ದಕ್ಕಲ್ಲ, ಆ ಕಿಟಕಿ ಅವಳದು ಅನ್ನುವ ಕಾರಣಕ್ಕೆ.

ಶಾಲೆಯ ಗೇಟು ದಾಟಿ ಒಳಗೆ ಬಂದವರಿಗೆ ಮೊದಲು ಕಾಣುವುದೇ ಅವಳು. ಗಾಜಿನ ಕಿಟಕಿ, ಕಿಟಕಿಯ ಆಚೆ ಬರುವವರು ಕೂರಲು ಒಂದು ಬೆಂಚು, ಈಚೆ ಅವಳ ಕುರ್ಚಿ, ಎರಡು ಫೋನು, ಆಗಾಗ ಕಾಗದ ನುಂಗಿಕೊಂಡು ಕೂರುವ ಜೆರಾಕ್ಸ್ ಮೆಶಿನ್ನು. ಮಕ್ಕಳು ಅವಳನ್ನು ಕಿಟಕಿ ಆಂಟಿ ಅನ್ನುತ್ತಿದ್ದವು. ನಾದಿನಿಯ ಮಗಳು ಮಾತ್ರ ಕಿಟಕಿ ಅತ್ತೆ ಅನ್ನುತ್ತಿದ್ದಳು. ಆ ಹುಡುಗಿ ಕಡ್ಡಿಯಂತೆ ಸಪೂರ, ಬಾಯಿ ಬಿಟ್ಟರೆ ಚುಚ್ಚುವ ಮಾತು. ಮನೆಯಲ್ಲಿ ಅವಳ ಹೆಸರು ಗುಂಡುಸೂಜಿ.

ಮಕ್ಕಳನ್ನು ಕರೆದೊಯ್ಯಲು ಹೊಸ ಮುಖದವರು ಬಂದರೆ ಗುಟ್ಟಿನ ಮಾತು ಕೇಳಬೇಕು ಅನ್ನುವುದು ಆ ಶಾಲೆಯ ಕಟ್ಟುಪಾಡು. ಪ್ರತಿ ಮಗುವಿನ ಮನೆಯವರೂ ಒಂದು ಮಾತು ಕೊಟ್ಟಿರುತ್ತಾರೆ. ಅದು ಸರಿಹೋದರೆ ಮಗು ಹೊರಗೆ, ಇಲ್ಲದಿದ್ದರೆ ಇಲ್ಲ. ಹೆಚ್ಚಿನವರು ನಾಯಿಯ ಹೆಸರು, ಕಾರಿನ ಹೆಸರು ಕೊಡುತ್ತಿದ್ದರು. ಗುಂಡುಸೂಜಿ ತನ್ನ ಮಾತನ್ನು ತಾನೇ ಆರಿಸಿದ್ದಳು. ಮೂತಿಮಡಕೆ. ಅಜ್ಜಿಗೆ ಸಿಟ್ಟು ಬಂದರೆ ಕೆನ್ನೆ ಉಬ್ಬಿ, ತುಟಿ ಮುಂದಕ್ಕೆ ಚಾಚಿ, ಮುಖ ಥೇಟ್ ಮಡಕೆಯಾಗುತ್ತಿತ್ತು. ಅಪ್ಪನ ಮನೆಯಲ್ಲಿದ್ದಾಗಲೇ ಮಗು ಅಜ್ಜಿಗೆ ಹಿಂದಿನಿಂದ ಇಟ್ಟಿದ್ದ ಹೆಸರದು. ಎಲ್ಲರಿಗೂ ಗೊತ್ತಿತ್ತು, ಅಜ್ಜಿಯೊಬ್ಬರನ್ನು ಬಿಟ್ಟು. ಹಾಗಾಗಿ ಮನೆಯಲ್ಲಿ ಅದನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಜಗಳವಾಡುವಾಗಲೂ 'ಆ ಮಾತು' ಅಂತಲೇ ಆಡುತ್ತಿದ್ದರು.

ಮರುದಿನ ಊಟಕ್ಕೆ ಕೂತಾಗ ಶುರುವಾಯಿತು.

"ಅತ್ತಿಗೆ, ಅವರು ಬಂದಾಗ ನೀವೆಲ್ಲಿದ್ರಿ?" ನಾದಿನಿ ಅನ್ನ ಕಲಸುತ್ತಾ, ತಲೆ ಎತ್ತದೆ ಕೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ರೋಗಿಗಳ ಹತ್ತಿರ ಕೇಳಿ ಕೇಳಿ, ಅವಳ ಯಾವ ಪ್ರಶ್ನೆಯೂ ನೋವೆಲ್ಲಿದೆ ಅನ್ನುವ ಹಾಗೇ ಇರುತ್ತಿತ್ತು.

"ಹೇಳಿದ್ನಲ್ಲ, ಊಟಕ್ಕೆ ಹೋಗಿದ್ದೆ. ಲೈಬ್ರರಿ ಮೇಡಂ ಕೂತಿದ್ರು. ಅವರಿಗೆ ಇವರ ಮುಖ ಗೊತ್ತಿಲ್ಲ."

"ಸರಿಯಾಗಿ ನೀವು ಊಟಕ್ಕೆ ಹೋದಾಗಲೇ ಬಂದ್ರು."

"ಅಂದ್ರೆ?"

"ಅಂದ್ರೆ ಏನಿಲ್ಲ. ಅವರಿಗೆ ಎಲ್ಲಾ ಗೊತ್ತಿತ್ತು ಅಂತ ಹೇಳ್ತಿದೀನಿ."

"ಅವಳನ್ನ ಯಾಕೆ ಅಂತೀಯ?" ಅಂದ ಸೊಸೆಯ ಗಂಡ. ಅವನು ಲಿಫ್ಟ್ ಮೆಕ್ಯಾನಿಕ್. ಮಾತು ಕಮ್ಮಿ. ಆಡಿದರೂ ಎರಡು ಮಹಡಿಯ ನಡುವೆ ಸಿಕ್ಕಿಕೊಂಡ ಹಾಗೆ ಅರ್ಧದಲ್ಲೇ ನಿಲ್ಲಿಸುತ್ತಿದ್ದ.

"ಮತ್ತೆ ಯಾರನ್ನ ಅನ್ನಲಿ ಅಣ್ಣಾ? ನಿನ್ನನ್ನಾ? ಅಮ್ಮನನ್ನಾ?" ನಾದಿನಿ ತಟ್ಟೆ ದೂಡಿದಳು. "ಇವತ್ತು ಶೂ ಕೊಡಿಸಿ ತಂದು ಬಿಟ್ರು. ನಾಳೆ ಅವರಕ್ಕನ ಊರಿಗೆ ಬಸ್ ಹತ್ತಿಸಿದ್ರೆ ನಾನೆಲ್ಲಿ ಹೋಗಿ ಹುಡುಕಲಿ? ಆಸ್ಪತ್ರೆ ಹಿಂದೆ ಒಂದು ರೂಮು ನೋಡಿದೀನಿ. ತಿಂಗಳು ಮುಗಿದ ಮೇಲೆ ಮಗೂನ ಕರ್ಕೊಂಡು ಹೋಗ್ತೀನಿ, ಶಾಲೆನೂ ಬದಲಾಯಿಸ್ತೀನಿ. ನನ್ನ ಮಗುವಿನ ಗುಟ್ಟು ಆಡ್ಕೊಂಡು ತಿರುಗೋರ ಜೊತೆ ಒಂದೇ ಸೂರಿನ ಕೆಳಗೆ ನಾನಿರಲ್ಲ."

ಸೊಸೆ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ಅವಳಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಗುಂಡುಸೂಜಿಯ ಕೈ ಹಿಡಿದು ಶಾಲೆಗೆ ನಡೆಯುವ ಆ ಹೊತ್ತಿಗೆ ಅವಳು ಹಿಂದಿನ ದಿನದಿಂದಲೇ ಕಾಯುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಜಾಯಮಾನವೂ ಅವಳದಲ್ಲ.

ಅತ್ತೆ ಮಾತ್ರ ಬೇಳೆಗೆ ಉಪ್ಪು ಕಮ್ಮಿ ಅಂದರು. ಅದೇ ಸೊಸೆಯ ಮನಸ್ಸಿನಲ್ಲಿ ಕೊರೆಯಿತು. ಮೊಮ್ಮಗಳು ಕಳೆದುಹೋಗಿ ಸಿಕ್ಕಿದ್ದಾಳೆ, ಮಗಳು ಮನೆ ಬಿಡುತ್ತೇನೆ ಅನ್ನುತ್ತಿದ್ದಾಳೆ, ಇವರಿಗೆ ಉಪ್ಪಿನ ಚಿಂತೆ. ಯಾಕೆ?

ಶಾಲೆಯಲ್ಲಿ ಅವಳ ಕಷ್ಟ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ತಡವಾಗಿ ಬಂದ ಮಕ್ಕಳಿಗೆ ಚೀಟಿ ಕೊಡಬೇಕು. ವಾಂತಿ ಮಾಡಿಕೊಂಡ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಅದರ ಅಮ್ಮನಿಗೆ ಫೋನ್ ಹಚ್ಚಬೇಕು. ಗೇಟಿಗೆ ಅಡ್ಡ ಕಾರು ನಿಲ್ಲಿಸಿದವರನ್ನು ಬೇಡಿಕೊಳ್ಳಬೇಕು. ಹೆಡ್ ಮೇಡಮ್ಮಿನ ಬೆಲ್ಲಿಗೆ ಓಡಬೇಕು.

"ನನ್ನ ಮಗನ ನೀರಿನ ಬಾಟ್ಲಿ ಕಳೆದು ವಾರ ಆಯ್ತು. ನೀವಿಲ್ಲಿ ಕೂತು ಏನು ಮಾಡ್ತೀರಿ?" ಒಬ್ಬರು ತಂದೆ ಗಾಜು ಕುಟ್ಟಿದರು.

"ನೀಲಿ ಬಾಟ್ಲಿ, ನಾಲ್ಕನೇ ಕ್ಲಾಸು, ಮುಚ್ಚಳದ ಮೇಲೆ ಹುಲಿ ಚಿತ್ರ. ಸರಿ ಸಾರ್, ಹುಡುಕಿಸ್ತೀನಿ."

ಕೇಳಿಸಿಕೊಂಡದ್ದನ್ನು ಗಟ್ಟಿಯಾಗಿ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ಅವಳ ಪದ್ಧತಿ. ಆ ಗಲಾಟೆಯಲ್ಲಿ ಹಾಗೆ ಮಾಡದಿದ್ದರೆ ಒಬ್ಬರ ಮಗುವಿನ ಮಾತ್ರೆ ಇನ್ನೊಬ್ಬರ ಮಗುವಿನ ಹೊಟ್ಟೆಗೆ ಹೋದೀತು. ಇವರನ್ನು ನೋಡಿ ಕಲೀರಿ ಅಂತ ಹೆಡ್ ಮೇಡಂ ಟೀಚರುಗಳ ಮುಂದೆ ಹೊಗಳಿದ್ದರು. ಮನೆಯಲ್ಲೂ ಅದೇ ಅಭ್ಯಾಸ. ಹಾಲು, ಸೋಪು, ಬೆಂಕಿಪೊಟ್ಟಣ ಅಂತ ಅವಳು ತಿರುಗಿ ಹೇಳುವಾಗ, "ಗಿಳಿ ಸಾಕೋ ಖರ್ಚು ಉಳೀತು," ಅನ್ನುತ್ತಿದ್ದರು ಅತ್ತೆ.

ಆ ವಾರವೆಲ್ಲ ಅವಳು ಅತ್ತೆಯ ಮೇಲೆ ಒಂದು ಕಣ್ಣಿಟ್ಟಳು. ಸಂಜೆ ಬಟ್ಟೆ ತರುವ ನೆಪದಲ್ಲಿ ಅತ್ತೆ ಮಹಡಿಗೆ ಹೋಗಿ ಬಹಳ ಹೊತ್ತು ಇಳಿಯುತ್ತಿರಲಿಲ್ಲ. ಒಂದು ದಿನ ಇವಳೂ ಸದ್ದು ಮಾಡದೆ ಹತ್ತಿ, ಒಣಗಿದ ಬೆಡ್‌ಶೀಟಿನ ಹಿಂದೆ ನಿಂತಳು.

"ಹೋಟೆಲ್ ಊಟ ಮಾಡ್ಬೇಡಪ್ಪ, ಹೊಟ್ಟೆ ಕೆಡುತ್ತೆ," ಅತ್ತೆ ಫೋನಿನಲ್ಲಿ ಅನ್ನುತ್ತಿದ್ದರು. "ಅವಳ ಸಿಟ್ಟು ಇಳೀಲಿ. ನಾನಿಲ್ವಾ?"

ಬೆಡ್‌ಶೀಟು ಗಾಳಿಗೆ ಹಾರಿತು. ಅತ್ತೆ ಸೊಸೆ ಎದುರುಬದುರಾದರು.

"ಯಾರ ಜೊತೆ ಮಾತಾಡ್ತಿದ್ರಿ ಅತ್ತೆ?"

"ನನ್ನ ಅಳಿಯನ ಜೊತೆ. ನಿನ್ನ ಅಪ್ಪಣೆ ಬೇಕಿತ್ತಾ?"

"ಆ ಮಾತು ಅವರಿಗೆ..."

"ನೋಡು, ಅದೇನು ಮಾತೋ ನಿಮ್ಮ ಶಾಲೆದು, ನಂಗೆ ಬೇಡ. ಬೆಡ್‌ಶೀಟಿನ ಹಿಂದೆ ನಿಂತು ಕದ್ದು ಕೇಳೋ ಸೊಸೆ ಬಂದ್ಲಲ್ಲ ಮನೆಗೆ, ಅದು ಹೇಳು."

ಆ ರಾತ್ರಿ ಎಲ್ಲರೂ ಊಟಕ್ಕೆ ಕೂತರು. ಅತ್ತೆಯ ಕೆನ್ನೆ ಉಬ್ಬಿತ್ತು, ತುಟಿ ಮುಂದಕ್ಕೆ ಬಂದಿತ್ತು. ಗುಂಡುಸೂಜಿ ಅಜ್ಜಿಯ ಮುಖವನ್ನೇ ನೋಡುತ್ತಾ ಇದ್ದವಳು ತಡೆಯಲಾರದೆ ಕಿಸಕ್ಕನೆ ನಕ್ಕಳು.

"ಮೂತಿಮಡಕೆ ಬಂತು," ಅಂದಳು.

ಲಿಫ್ಟ್ ಮೆಕ್ಯಾನಿಕ್ಕನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

"ಏನು ಬಂತು?" ಅಂದರು ಅತ್ತೆ.

ನಾದಿನಿ ಮಗಳ ಬಾಯಿಗೆ ತುತ್ತು ತುರುಕಲು ಹೋದಳು.

"ಮಡಕೆ ಅಂದ್ರೆ ಯಾರೇ?"

"ನೀನೇ ಅಜ್ಜಿ," ಅಂದಳು ಹುಡುಗಿ, ಸಮಾಧಾನ ಮಾಡುವ ದನಿಯಲ್ಲಿ. "ಅದೇ ನಮ್ಮ ಗುಟ್ಟಿನ ಮಾತು."

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಓಹೋ. ಹೆತ್ತ ಮಗ, ಹೆತ್ತ ಮಗಳು, ಎಲ್ಲಾ ಸೇರಿ ನನ್ನ ಮೂತಿಗೆ ಹೆಸರಿಟ್ಟು ಶಾಲೆಯಲ್ಲಿ ಬರೆಸಿ ಬಂದಿದೀರ. ಇದನ್ನ ಕಾಯೋಕೆ ಒಂದು ಆಫೀಸು ಬೇರೆ." ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಸೊಸೆಗೆ ನಗು ಬರಲಿಲ್ಲ. ಗೊತ್ತೇ ಇಲ್ಲದ ಮಾತನ್ನು ಅತ್ತೆ ಅಳಿಯನಿಗೆ ಹೇಗೆ ಹೇಳಿಯಾರು? ಅತ್ತೆಯ ಮೇಲಿನ ಅನುಮಾನ ಅಲ್ಲಿಗೆ ಸತ್ತಿತು. ಆದರೆ ಅನುಮಾನ ಎಲ್ಲಾದರೂ ಇಳಿಯಲೇಬೇಕಿತ್ತು. ಅದು ಗಂಡನ ಮೇಲೆ ಇಳಿಯಿತು.

ಅದಕ್ಕೆ ದಾರಿ ಮಾಡಿದವಳು ನಾದಿನಿ. ಡ್ಯೂಟಿ ಮುಗಿಸಿ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದಳಂತೆ. ಅಣ್ಣ ಅಳಿಯನ ಜೊತೆ ಚಹಾ ಅಂಗಡಿಯ ಮುಂದೆ ನಿಂತಿದ್ದ.

"ಏನು ಮಾತಾಡ್ತಿದ್ದೆ ಅಣ್ಣಾ?"

"ಚಹಾ ಕುಡೀತಿದ್ದೆ."

"ಅವರ ಜೊತೆ."

"ಅಂಗಡಿ ಭಾವನದಲ್ಲ, ನಂದೂ ಅಲ್ಲ. ಇಬ್ರೂ ಬಂದ್ವಿ."

"ಇನ್ನೂ ಭಾವ ಅಂತೀಯ."

"ಮತ್ತೇನನ್ನಲಿ, ಮಾಸ್ತರೇ ಅನ್ನಲಾ?" ಅವನು ಎದ್ದು ಬಚ್ಚಲಿಗೆ ಹೋಗಿ ಗ್ರೀಸ್ ಹತ್ತಿದ ಕೈಯನ್ನು ಬಹಳ ಹೊತ್ತು ಉಜ್ಜಿದ.

ಹೆಂಡತಿಗೂ ಅವನು ಬೇರೆ ಏನೂ ಹೇಳಲಿಲ್ಲ. ಇವನು ಮುಚ್ಚಿಡುತ್ತಿರುವುದೇನು ಅಂತ ಅವಳು ರಾತ್ರಿಯಿಡೀ ಮಗ್ಗುಲು ಬದಲಿಸಿದಳು. ಅಡುಗೆಮನೆಯ ಲೆಕ್ಕಾಚಾರವೂ ಬದಲಾಯಿತು. ಅವನ ತಟ್ಟೆಗೆ ಎರಡನೇ ಸಲ ಬಡಿಸುವವರಿಲ್ಲ. ಅವನ ಯೂನಿಫಾರಂ ಬಕೆಟ್ಟಿನಲ್ಲೇ ನೆನೆಯಿತು. ಮೊಟ್ಟೆ ಬೇಯಿಸಿದ ದಿನ ನಾದಿನಿ ಎಲ್ಲರಿಗೂ ಹಾಕಿ, ಅಣ್ಣನ ಹತ್ತಿರ ಬಂದಾಗ ಪಾತ್ರೆ ಬಗ್ಗಿಸಿ, "ಮುಗೀತು," ಅಂದಳು. ತನ್ನ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಅರ್ಧ ಮಾಡಿ ಕೊಡಬಹುದಿತ್ತು ಸೊಸೆ. ಕೊಡಲಿಲ್ಲ.

ಒಳಕೋಣೆಯಲ್ಲಿ ನಾದಿನಿಯ ರಟ್ಟಿನ ಪೆಟ್ಟಿಗೆಗಳು ಗೋಡೆಗೆ ಆನಿಕೊಂಡು ಬೆಳೆಯತೊಡಗಿದವು. ಗುಂಡುಸೂಜಿ ತನ್ನ ಗೊಂಬೆಗಳನ್ನು ಒಂದೊಂದಾಗಿ ತುಂಬುತ್ತಾ, "ಕಿಟಕಿ ಅತ್ತೆ, ಹೊಸ ಶಾಲೆಯಲ್ಲಿ ಕಿಟಕೀಲಿ ಯಾರಿರ್ತಾರೆ?" ಅಂತ ಕೇಳಿದಳು.

"ಯಾರೋ ಒಬ್ಬರು ಇರ್ತಾರೆ."

"ಅವರಿಗೂ ನನ್ನ ಹೆಸರು ಗೊತ್ತಿರುತ್ತಾ?"

"ನೀನೇ ಹೇಳ್ಬೇಕು," ಅಂದು ಅವಳು ನೀರು ತರುವವಳಂತೆ ಎದ್ದು ಹೋದಳು.

ತಿಂಗಳು ಮುಗಿಯುವ ಹೊತ್ತಿಗೆ ಸೊಸೆಯ ಮುಖ ಎಷ್ಟು ಬಾಡಿತ್ತೆಂದರೆ, ಬೆಂಚಿನ ಮೇಲೆ ಕೂತವರಿಗೂ ಅದು ಕಾಣಿಸುತ್ತಿತ್ತು. ಆ ಬೆಂಚಿಗೆ ದಿನಾ ಬರುವವರಲ್ಲಿ ಮೂರನೇ ಕ್ಲಾಸಿನ ಹುಡುಗನ ಅಮ್ಮ ಒಬ್ಬಳು. ಬಾಯಿಬಡುಕಿ, ಒಳ್ಳೆಯ ಹೆಂಗಸು. ಶಾಲೆ ಬಿಡುವುದಕ್ಕೆ ಬಹಳ ಮುಂಚೆಯೇ ಬಂದು ಕೂತು ಕಂಡವರ ಜೊತೆ ಹರಟುತ್ತಿದ್ದಳು.

ಅವಳು ಅಂದು ಕಿಟಕಿಗೆ ಬಂದು ಬಗ್ಗಿ ನೋಡಿದಳು. "ಏನ್ರೀ ಆಂಟಿ, ಇವತ್ತು ಒಳ್ಳೆ ಮೂತಿಮಡಕೆ ತರ ಕೂತಿದೀರಿ?"

ಕೈಯಲ್ಲಿದ್ದ ಸ್ಟೇಪ್ಲರ್ ಮೇಜಿನ ಮೇಲೆ ಬಿತ್ತು.

"ಏನಂದ್ರಿ?"

"ಬೇಜಾರು ಮಾಡ್ಕೋಬೇಡಿ, ತಮಾಷೆಗೆ ಅಂದೆ."

"ಆ ಮಾತು ನಿಮಗೆಲ್ಲಿ ಸಿಕ್ತು?"

"ನೀವೇ ಹೇಳಿದ್ರಲ್ಲ. ಹೋದ ತಿಂಗಳು ಯಾರಿಗೋ ಫೋನಲ್ಲಿ ಹೇಳ್ತಿದ್ರಿ. ಇವತ್ತು ಅಜ್ಜಿ ಬರಲ್ಲ, ನಿಮ್ಮ ಆಸ್ಪತ್ರೆಯೋರು ಬರ್ತಾರೆ, ಮಾತು ಮೂತಿಮಡಕೆ, ಸರಿ ಸರಿ ಅಂತ. ನಾನಿಲ್ಲೇ ಬೆಂಚಲ್ಲಿದ್ದೆ. ಎಷ್ಟು ನಕ್ಕೆ ಗೊತ್ತಾ? ಕಾರು ಕಲಿಯೋಕೆ ಹೋಗ್ತೀನಲ್ಲ, ಅಲ್ಲಿ ನಮ್ಮ ಮಾಸ್ತರಿಗೂ ಹೇಳಿದೆ. ನಮ್ಮ ಶಾಲೆ ಕಿಟಕಿ ಆಂಟಿ ಬಾಯಲ್ಲಿ ಎಂಥೆಂಥ ಮಾತು ಬರುತ್ತೆ ಅಂತ. ಅವರು ನಕ್ಕು ನಕ್ಕು ಕಾರು ಪಕ್ಕಕ್ಕೆ ಹಾಕಿಸಿದ್ರು. ನೀವು ಯಾವ ಹೊತ್ತಲ್ಲಿ ಇರ್ತೀರಿ, ಯಾವಾಗ ಇರಲ್ಲ, ಎಲ್ಲಾ ವಿಚಾರಿಸಿದ್ರು. ಒಳ್ಳೆ ಮನುಷ್ಯ."

ಮಧ್ಯೆ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. ಅಷ್ಟು ವರ್ಷದಲ್ಲಿ ಅವಳು ಎತ್ತದೆ ಬಿಟ್ಟ ಮೊದಲ ಫೋನು ಅದೇ ಇರಬೇಕು.

ನಿಮ್ಮ ಮನೆಯೋರ ಬಾಯಿಂದಲೇ ಬಂತು. ಅಳಿಯ ಸುಳ್ಳು ಹೇಳಿರಲಿಲ್ಲ.

ಮನೆಗೆ ನಡೆದು ಬರುವಾಗ ಅವಳು ದಿನಸಿ ಅಂಗಡಿಯ ಮುಂದೆ ಸುಮ್ಮನೆ ನಿಂತಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಪವಾದ ಆಗಲೇ ಗಂಡನ ಹೆಗಲೇರಿ ಕೂತಿದೆ, ಅವನು ಅದನ್ನು ತನ್ನ ಟೂಲ್ ಬ್ಯಾಗಿನಂತೆ ಹೊತ್ತು ತಿರುಗುತ್ತಲೂ ಇದ್ದಾನೆ. ಹೇಳಿದರೆ ನಾದಿನಿಗೆ ಮನೆ ಬಿಡಲು ಗಟ್ಟಿ ಕಾರಣವೇ ಸಿಕ್ಕಂತಾಗುತ್ತದೆ. ಮಗುವಿನ ಮೇಲೆ ಆಸೆ ಇಟ್ಟುಕೊಂಡ ಬಾಯಿಯೇ ಮಗುವನ್ನು ಕಳೆಯಿತು ಅಂತ. ಅಂಗಡಿಯವನು ಏನು ಬೇಕಮ್ಮಾ ಅಂದ. ಏನೂ ಬೇಡ ಅಂದಳು.

ಊಟದ ಹೊತ್ತಿಗೆ ಎಲ್ಲರೂ ಕೂತಿದ್ದರು. ಅವಳು ಬಡಿಸುವುದನ್ನು ನಿಲ್ಲಿಸಿ, ಸೌಟು ಹಿಡಿದುಕೊಂಡೇ ಹೇಳಿದಳು.

"ಆ ಮಾತು ಹೊರಗೆ ಹೋಗಿದ್ದು ನನ್ನಿಂದ."

ಮತ್ತೆ ಎಲ್ಲವನ್ನೂ ಹೇಳಿದಳು. ಬೆಂಚು, ಫೋನು, ಕಾರು ಕಲಿಯುವ ಹೆಂಗಸು. ಹೇಳಿ ಮುಗಿಸುವಾಗ ಅನ್ನ ಆರಿಹೋಗಿತ್ತು.

"ಗಂಡನ್ನ ಉಳಿಸೋಕೆ ಹೊರಟಿದಾಳೆ," ಅಂದರು ಅತ್ತೆ, ಮಗಳ ಕಡೆ ನೋಡಿ. "ಮೂತಿಮಡಕೆಗೂ ಅಷ್ಟು ಅರ್ಥ ಆಗುತ್ತೆ."

"ನನ್ನನ್ನ ಉಳಿಸೋಕೆ?" ಗಂಡ ಮೊದಲ ಸಲ ಪೂರ್ತಿ ದನಿ ಎತ್ತಿದ. "ನಾನು ಭಾವನ ಹತ್ರ ಹೋಗಿದ್ದು, ಇನ್ನೊಂದು ಸಲ ಶಾಲೆ ಕಡೆ ತಲೆ ಹಾಕಿದ್ರೆ ಭಾನುವಾರನೂ ಇರಲ್ಲ ಅಂತ ಹೇಳೋಕೆ. ಒಪ್ಕೊಂಡು ಹೋದ್ರು."

"ಅದನ್ನ ಮನೇಲಿ ಹೇಳೋಕೆ ಏನಾಗಿತ್ತು ನಿಂಗೆ?" ಅಂದರು ಅತ್ತೆ.

"ಯಾರು ಕೇಳಿದ್ರು? ಮೊಟ್ಟೆ ಮುಗೀತು ಅಂದ್ರು, ಅಷ್ಟೇ."

ನಾದಿನಿ ಅವರಿಬ್ಬರ ಕಡೆ ನೋಡುತ್ತಿರಲಿಲ್ಲ.

"ಅತ್ತಿಗೆ, ಆ ಫೋನ್ ಮಾಡಿದ್ದು ನಾನು. ಅಮ್ಮನಿಗೆ ಹಲ್ಲುನೋವು ಬಂದ ದಿನ."

"ಹೌದು."

"ನೀವು ತಿರುಗಿ ಹೇಳಿದ್ರಿ. ಗಟ್ಟಿಯಾಗಿ." ಅವಳು ತಟ್ಟೆಯಂಚನ್ನು ಬೆರಳಲ್ಲಿ ಉಜ್ಜಿದಳು. "ನಾನು ಹೌದು ಹೌದು, ಅದೇ ಅಂದೆ. ನಂಗೂ ಕೇಳಿಸ್ತಲ್ಲ. ನನ್ನ ಕಿವಿಗೇ ಬಿದ್ದಿದ್ದು ನಂಗೆ ನೆನಪಾಗಲಿಲ್ಲ."

ಅವಳು ಎದ್ದು ಕೈ ತೊಳೆದುಕೊಂಡು ಒಳಕೋಣೆಗೆ ಹೋದಳು. ಹೋಗುತ್ತೇನೆ ಅಂತಲೂ ಅನ್ನಲಿಲ್ಲ, ಇರುತ್ತೇನೆ ಅಂತಲೂ ಅನ್ನಲಿಲ್ಲ. ಸೊಸೆ ಗಂಡನ ತಟ್ಟೆಗೆ ಅನ್ನ ಹಾಕಲು ಹೋದಳು. ಅವನು ಸಾಕು ಅಂತ ಕೈ ಅಡ್ಡ ಹಿಡಿದ.

ಮರುದಿನ ಬೆಳಿಗ್ಗೆ ಅವಳು ಹೆಡ್ ಮೇಡಮ್ಮಿಗೂ ಹೇಳಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಹೊಗಳಿದ್ದು ತಾವೇ ಅಲ್ಲವೇ. ಕೊನೆಗೆ, ಎಲ್ಲ ಮಕ್ಕಳ ಮಾತನ್ನೂ ಬದಲಾಯಿಸಿ, ಇನ್ನು ಮೇಲೆ ಬೆಂಚು ಗೇಟಿನ ಹತ್ತಿರ ಇರಲಿ ಅಂದರು. ಕಾವಲುಗಾರ ಬೆಂಚನ್ನು ಎಳೆದುಕೊಂಡು ಹೋದ. ದಿನವಿಡೀ ಪೋಷಕರು ಬಂದು, ಕೂರೋಕೂ ಜಾಗ ಇಲ್ವಾ ನಿಮ್ಮ ಶಾಲೆಯಲ್ಲಿ ಅಂತ ಅವಳನ್ನೇ ಬೈದರು.

ಮನೆಯಲ್ಲಿ ಪೆಟ್ಟಿಗೆಗಳು ಹಾಗೇ ಇದ್ದವು. ಹೊಸದೊಂದೂ ತುಂಬಲಿಲ್ಲ, ತುಂಬಿದ್ದೊಂದೂ ಬರಿದಾಗಲಿಲ್ಲ. ಅತ್ತೆ ದಿನಕ್ಕೆ ಎರಡು ಸಲ ಆ ಕೋಣೆಯನ್ನು ಇಣುಕಿ, ಏನೂ ಕೇಳದೆ ಬಂದು ಪಾತ್ರೆ ಸದ್ದು ಮಾಡುತ್ತಿದ್ದರು.

ರಜೆಯ ದಿನ ಬೆಳಿಗ್ಗೆ ನಾದಿನಿ ನಡುಮನೆಯಲ್ಲಿ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡಿದ್ದಳು. ಸೊಸೆ ನೆಲ ಒರೆಸುತ್ತಾ ಹತ್ತಿರ ಬಂದಾಗ, ತನ್ನ ಮೊಬೈಲನ್ನು ಕಾಲಿನಿಂದ ಅವಳ ಕಡೆ ಸರಿಸಿದಳು.

"ಅತ್ತಿಗೆ, ರೂಮಿನ ಓನರಮ್ಮನಿಗೆ ಫೋನ್ ಮಾಡಿ, ಬೇಡ ಅಂತ ಹೇಳಿಬಿಡಿ. ನಂಗೆ ಅವರ ಹತ್ರ ಮಾತಾಡೋಕೆ ಮುಜುಗರ."

ಸೊಸೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಮಾತು ಬದಲಾದೀತು ಅನ್ನುವ ಭಯ. ನಂಬರು ಒತ್ತಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು.

"ನಮಸ್ಕಾರ. ನಿಮ್ಮ ರೂಮು ನೋಡಿದ್ರಲ್ಲ ನರ್ಸು, ಅವರ ಮನೆಯಿಂದ ಮಾತಾಡ್ತಿದೀನಿ. ಅವರಿಗೆ ರೂಮು ಬೇಡವಂತೆ."

"ನೀವ್ಯಾರು?" ಓನರಮ್ಮನ ದನಿ ಬಾಗಿಲ ಸಂದಿಯಿಂದ ಬಂದ ಹಾಗಿತ್ತು.

"ನಾನು ಅವರ ಅತ್ತಿಗೆ."

"ಅತ್ತಿಗೆನಾ? ಹಾಗಾದ್ರೆ ನಾನು ನಂಬಲ್ಲಮ್ಮ. ಹೆಣ್ಣುಮಕ್ಕಳು ಬೇರೆ ಹೋಗ್ತೀನಿ ಅಂದ್ರೆ ಮನೆಯೋರು ಹೀಗೇ ಹಿಂದಿನಿಂದ ಫೋನ್ ಮಾಡಿ ತಪ್ಪಿಸ್ತಾರೆ. ಎಷ್ಟು ನೋಡಿಲ್ಲ ನಾನು. ನಾಳೆ ಆ ಹುಡುಗಿ ಸಾಮಾನು ಹೊತ್ಕೊಂಡು ಬಂದು ನಿಂತ್ರೆ ಏನು ಮಾಡಲಿ? ನಿಮ್ಮ ಮಾತಿನ ಮೇಲೆ ಹೇಗೆ ನಂಬಿಕೆ ಇಡೋದು?"

ಶಾಲೆಯ ಕಿಟಕಿಯಲ್ಲಿ ಎಂಥೆಂಥವರಿಗೋ ಉತ್ತರ ಕೊಟ್ಟ ಸೊಸೆ ನೆಲ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು ಹಿಂಡತೊಡಗಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ನಾದಿನಿ ಬಾಯಿಂದ ರಿಬ್ಬನ್ ತೆಗೆದಳು. ಜಡೆ ಬಿಚ್ಚಿಹೋಗದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡೇ ಫೋನಿನ ಕಡೆ ಬಗ್ಗಿದಳು.

"ನಾನೇ ನರ್ಸು, ಪಕ್ಕದಲ್ಲೇ ಕೂತಿದೀನಿ," ಅಂದಳು. "ಅವರು ನಮ್ಮ ಅತ್ತಿಗೆ. ಅವರು ಹೇಳಿದ್ರೆ ನಾನು ಹೇಳಿದ ಹಾಗೇ."